ಟ್ರ್ಯಾಕ್ಟರ್ ಬೇಡ, ಎಣ್ಣೆಯೂ ಬೇಡ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ತೋಟದ ಮನೆ. ಮಗ ಬೆಂಗಳೂರಿಗೆ ಹೋದ ಮೇಲೆ ಆಲ್ಟೊ ಕಾರನ್ನು ಓಡಿಸುವವರಿಲ್ಲ. ಜೂನ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದೆವು. ಚೌತಿಗೆ ತೆಗೆಯಹೊರಟರೆ ಹಿಂದಿನ ಎಡಗಾಲಿ ತಿರುಗದೆ ನೆಲ ಕೆರೆದುಕೊಂಡು ಬರುತ್ತಿದೆ. ಪಕ್ಕದ ಮನೆಯವರು ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಯೋಣ ಎನ್ನುತ್ತಾರೆ. ಇನ್ನೊಬ್ಬರು ಡ್ರಮ್ಮಿನೊಳಗೆ ಎಣ್ಣೆ ಬಿಡಿ ಎಂದರು. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ. ಎಣ್ಣೆ ಬಿಡಿ ಎಂದವರಿಗೆ ನನ್ನ ನಮಸ್ಕಾರ ತಿಳಿಸಿ. ಡ್ರಮ್ ಎಂದರೆ ಗಾಲಿಯ ಜೊತೆ ತಿರುಗುವ ಡಬ್ಬ, ಅದರ ಒಳಗೋಡೆಗೆ ಒತ್ತಿ ಗಾಲಿ ನಿಲ್ಲಿಸುವುದು ಶೂ, ಶೂವಿನ ಮೈಗೆ ಅಂಟಿಸಿದ ಉಜ್ಜುಪಟ್ಟಿಯೇ ಲೈನರ್. ಎಣ್ಣೆ ಕುಡಿದ ಲೈನರ್ ಮತ್ತೆ ಬ್ರೇಕ್ ಹಿಡಿಯುವುದಿಲ್ಲ, ಹೊಸ ಶೂ ಹಾಕಿಸಬೇಕಾಗುತ್ತದೆ.

ಇನ್ನು ಟ್ರ್ಯಾಕ್ಟರ್. ನಾನು ಶಿವಮೊಗ್ಗದಲ್ಲಿ ಗ್ಯಾರೇಜ್ ನಡೆಸುತ್ತಿದ್ದಾಗ ಹೊಸನಗರದ ಕಡೆಯಿಂದ ಹೀಗೆ ಎಳೆದು ಬಿಡಿಸಿದ ಓಮ್ನಿಯೊಂದು ಬಂದಿತ್ತು. ಗಾಲಿಯೇನೋ ತಿರುಗುತ್ತಿತ್ತು, ಒಳಗೆ ಮಾತ್ರ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು. ಡ್ರಮ್ ಬಿಚ್ಚಿದರೆ ಶೂವಿಗೆ ಅಂಟಿಸಿದ್ದ ಲೈನರ್ ಕಿತ್ತು ಮೂರು ತುಂಡಾಗಿ ಬಿದ್ದಿದೆ. ಡ್ರಮ್ಮಿನ ಒಳಗೋಡೆಯಲ್ಲಿ ಅದು ಅಂಟಿಕೊಂಡಿದ್ದ ಜಾಗ ಅಚ್ಚೊತ್ತಿದಂತೆ ಕಾಣುತ್ತಿತ್ತು. ಅಡಿಕೆ ಚೊಗರಿನದೇ ಬಣ್ಣ. ನಿಮ್ಮ ಕಾರಿನಲ್ಲಿ ಆಗಿರುವುದೂ ಬಹುಶಃ ಇದೇ. ಡ್ರಮ್ ಬೀಡುಕಬ್ಬಿಣದ್ದು. ಹ್ಯಾಂಡ್‌ಬ್ರೇಕ್ ಎಳೆದಾಗ ಲೈನರ್ ಅದಕ್ಕೆ ಒತ್ತಿಕೊಂಡು ಕೂರುತ್ತದೆ. ನಮ್ಮ ಮಳೆಗಾಲದ ಥಂಡಿ ಆ ಸಂದಿಗೆ ಇಳಿದು ತುಕ್ಕು ಹಿಡಿಸಿ ಎರಡನ್ನೂ ಬೆಸೆಯುತ್ತದೆ. ಕಾಗದದಷ್ಟು ತೆಳುವಾದ ತುಕ್ಕು ಅದು. ಬಿಡಿಸಲು ಸಣ್ಣ ಪೆಟ್ಟು ಸಾಕು.

ಮೊದಲು ಕೈಹಿಡಿಯನ್ನೇ ನೋಡಿ. ಅದು ಕೆಳಗಿಳಿಯದಿದ್ದರೆ ಗುಂಡಿಯನ್ನು ಜೋರಾಗಿ ಒತ್ತಬೇಡಿ, ಕೈಹಿಡಿಯನ್ನು ಇನ್ನೊಂದು ಚೂರು ಮೇಲಕ್ಕೆಳೆದು, ಆಮೇಲೆ ಗುಂಡಿ ಒತ್ತಿ ಇಳಿಸಿ. ಕೈಹಿಡಿಯನ್ನು ತಡೆದಿಟ್ಟ ಒಳಗಿನ ಹಲ್ಲಿನ ಮೇಲಿನ ಭಾರ ತಪ್ಪಿದರೆ ಅದು ತಾನಾಗಿ ಬಿಡುತ್ತದೆ. ಕೈಹಿಡಿ ಪೂರ್ತಿ ಇಳಿದೂ ಗಾಲಿ ಹಿಡಿದಿದ್ದರೆ ತೊಂದರೆ ಕೈಹಿಡಿಯಿಂದ ಗಾಲಿಗೆ ಹೋಗುವ ಕೇಬಲಿನಲ್ಲಿದೆ ಅಥವಾ ಡ್ರಮ್ಮಿನಲ್ಲಿದೆ.

ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟು ಎಂಜಿನ್ ಶುರು ಮಾಡಿ. ಕಾರಿನ ಮುಂದೆ, ಹಿಂದೆ ಯಾರೂ ನಿಲ್ಲಬಾರದು, ಮೊಮ್ಮಕ್ಕಳಿದ್ದರೆ ಜಗಲಿ ಮೇಲೆ ಕೂರಿಸಿ. ಮೊದಲ ಗೇರಿನಲ್ಲಿ ಕ್ಲಚ್ ಸ್ವಲ್ಪ ಬಿಟ್ಟು, ಕಾರು ಮುಂದಕ್ಕೆ ಬಾಗಿದೊಡನೆ ಮತ್ತೆ ಒತ್ತಿ. ಆಮೇಲೆ ರಿವರ್ಸ್ ಗೇರಿನಲ್ಲಿ ಹಾಗೆಯೇ. ತೊಟ್ಟಿಲು ತೂಗಿದಂತೆ ನಾಲ್ಕೈದು ಸಲ ಮಾಡಿದರೆ ಹಿಂದಿನಿಂದ ‘ಟಕ್’ ಎಂದು ಸದ್ದು ಬರುತ್ತದೆ. ಅಲ್ಲಿಗೆ ಬಿಟ್ಟಿತು. ಕ್ಲಚ್ ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಬಿಡದಿದ್ದರೆ ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಮುಂದಿನ ಎರಡೂ ಗಾಲಿಗಳಿಗೆ ಹಿಂದೂ ಮುಂದೂ ಕಲ್ಲು ಕೊಡಿ. ಆಲ್ಟೊಗೆ ಎಂಜಿನ್ ಬಲ ಹೋಗುವುದು ಮುಂದಿನ ಗಾಲಿಗೆ, ಹಾಗಾಗಿ ಗೇರ್ ಅದನ್ನು ಹಿಡಿದಿರುತ್ತದೆ. ಎಡಗಾಲಿಯ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಜ್ಯಾಕ್ ಕೊಟ್ಟು ಗಾಲಿ ಕಳಚಿ. ಕಳಚಿದ ಗಾಲಿಯನ್ನು ಕಾರಿನ ಅಡಿಗೆ ಮಲಗಿಸಿಡಿ. ಜ್ಯಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಡ್ರಮ್ಮಿನ ಮುಖಕ್ಕೆ ಮರದ ತುಂಡು ಅಡ್ಡ ಹಿಡಿದು, ಬೋಲ್ಟುಗಳ ನಡುವೆ ಸುತ್ತಲೂ ಸುತ್ತಿಗೆಯಿಂದ ತಟ್ಟಿ. ತೆಂಗಿನಕಾಯಿ ಒಡೆಯುವಷ್ಟು ಪೆಟ್ಟು ಸಾಕು, ಕಟ್ಟಿಗೆ ಸೀಳುವಷ್ಟು ಬೇಡ. ಬೀಡುಕಬ್ಬಿಣದ ಅಂಚು ಚಕ್ಕೆ ಏಳುತ್ತದೆ. ತಟ್ಟುತ್ತಾ ಕೈಯಿಂದ ತಿರುಗಿಸಿ ನೋಡಿ.

ಇಷ್ಟಕ್ಕೂ ಜಗ್ಗದಿದ್ದರೆ ಕೇಬಲ್ಲೇ ಹೊದಿಕೆಯೊಳಗೆ ತುಕ್ಕು ಹಿಡಿದು ನಿಂತಿರಬಹುದು. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಅಂಥ ಕೇಬಲಿಗೆ ಎಣ್ಣೆ ಹಾಕಿ ಬಿಡಿಸಿದರೆ ಮುಂದಿನ ಮಳೆಗೆ ಮತ್ತೆ ಹಿಡಿಯುತ್ತದೆ, ಬದಲಾಯಿಸಿಬಿಡಿ. ಡ್ರಮ್ ಬಿಚ್ಚಿದಾಗ ಒಳಗೆ ಕೂತಿರುವ ಲೈನರ್ ಪುಡಿಯನ್ನು ಊದುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಹಳೆಯ ಲೈನರುಗಳಲ್ಲಿ ಶ್ವಾಸಕೋಶ ಕೆಡಿಸುವ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ನಾವೆಲ್ಲ ಊದಿಯೇ ಕೆಲಸ ಕಲಿತವರು.

ಗಾಲಿ ಬಿಟ್ಟ ಮೇಲೆ ಎರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ. ಬ್ರೇಕ್ ಒತ್ತಿದಾಗ ಮೊದಮೊದಲು ಕರಕರ ಎಂದರೆ ಹೆದರಬೇಡಿ, ತುಕ್ಕು ಸವೆಯುವ ಸದ್ದು ಅದು. ನಿಲ್ಲಿಸಿ ಹಿಂದಿನ ಎರಡೂ ಗಾಲಿಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಎಡಗಡೆಯದು ಹೆಚ್ಚು ಬಿಸಿ ಎನ್ನಿಸಿದರೆ ಬ್ರೇಕ್ ಇನ್ನೂ ಅರ್ಧ ಹಿಡಿದೇ ಇದೆ.

ಮುಂದಿನ ಜೂನ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ, ಸಮನೆಲದಲ್ಲಿ ಮೊದಲ ಗೇರಿನಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡಿ. ಶೆಡ್ಡಿನ ನೆಲ ಇಳಿಜಾರಾಗಿದ್ದರೆ ನಾಲ್ಕೂ ಗಾಲಿಗೆ ಕೊಡಿ.

ಪ್ರಶ್ನೆ: ನಮ್ಮ ಲಾರಿ ಬೆಳಿಗ್ಗೆ ಹೊತ್ತು ಹ್ಯಾಂಡ್‌ಬ್ರೇಕ್ ಬಿಡುವುದೇ ಇಲ್ಲ. ತುಕ್ಕೇ ಇರಬಹುದೇ? (ಸಾಗರದಿಂದ)

ಉತ್ತರ: ಏರ್ ಬ್ರೇಕಿನ ಲಾರಿಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ರಾತ್ರಿಯಿಡೀ ಏರ್ ಸೋರಿದರೆ ಬೆಳಿಗ್ಗೆ ಬಿಡುವುದು ಹೇಗೆ? ಎಂಜಿನ್ ಓಡಿಸಿ, ಮೀಟರಿನಲ್ಲಿ ಏರ್ ತುಂಬುವವರೆಗೆ ಕಾಯಿರಿ. ತುಂಬಿದ ಮೇಲೂ ಒಂದೇ ಗಾಲಿ ಹಿಡಿದಿದ್ದರೆ ಅಲ್ಲಿ ಕಿವಿಗೊಟ್ಟು ಕೇಳಿ. ‘ಸುಸ್’ ಎಂದರೆ ಸ್ಪ್ರಿಂಗ್ ಕೂತಿರುವ ಡಬ್ಬದ ಒಳಗಿನ ರಬ್ಬರ್ ಹರಿದಿರಬಹುದು. ಆ ಸ್ಪ್ರಿಂಗಿನ ಡಬ್ಬವನ್ನು ಮಾತ್ರ ಯಾರ ಮಾತು ಕೇಳಿಯೂ ನೀವೇ ಬಿಚ್ಚಬೇಡಿ. ಒಳಗೆ ಒತ್ತಿಟ್ಟಿರುವ ಸ್ಪ್ರಿಂಗ್ ಹಾರಿದರೆ ಜೀವ ತೆಗೆಯುತ್ತದೆ.