ಮೀನಿನ ಹುರುಪೆಯಿಂದ ಕ್ರೀಮಿಗೆ ಬೇಕಾದ ಕೊಲಾಜೆನ್: ಬಾಗಲಕೋಟೆಯಲ್ಲಿ ಸಾಧ್ಯವೇ?

ಬಾಗಲಕೋಟೆಯ ಮೀನಂಗಡಿಗಳಲ್ಲಿ ದಿನವೂ ಹೊರಗೆ ಬೀಳುವ ಹುರುಪೆ ಮತ್ತು ಚರ್ಮದಿಂದ ಕೊಲಾಜೆನ್ (ಚರ್ಮ, ಎಲುಬುಗಳಿಗೆ ಬಿಗಿ ಕೊಡುವ ಪ್ರೋಟೀನು) ತೆಗೆದು ಮುಖದ ಕ್ರೀಮು ತಯಾರಿಸುವವರಿಗೆ ಮಾರಬಹುದೇ, ಅದನ್ನು ಮನೆಯ ಹಿತ್ತಲಿನ ಶೆಡ್ಡಿನಲ್ಲಿಯೇ ಆರಂಭಿಸಬಹುದೇ ಎಂದು ತಾವು ಕೇಳಿದ್ದೀರಿ. ಬೆಳಗಾವಿಯಲ್ಲಿ ಫಾರ್ಮಸಿ ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನ ಅಭಿಪ್ರಾಯ ಇಷ್ಟೇ: ಹುರುಪೆಯ ವ್ಯಾಪಾರ ಮಾಡಿ, ಕೊಲಾಜೆನ್ನಿಗೆ ಈಗಲೇ ಕೈ ಹಾಕಬೇಡಿ.

ಆಲಮಟ್ಟಿ ಹಿನ್ನೀರಿನ ಕಾಟ್ಲಾ, ರೋಹು, ಗೆಂಡೆಗಳ ಹುರುಪೆ ದೊಡ್ಡದು, ಬೇರ್ಪಡಿಸುವುದೂ ಸುಲಭ. ಒಣಗಿದ ಹುರುಪೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಲಾಜೆನ್ ಇದ್ದು, ಉಳಿದದ್ದು ಬಹುಪಾಲು ಎಲುಬಿನಲ್ಲಿರುವಂಥ ಕ್ಯಾಲ್ಸಿಯಂ ಫಾಸ್ಫೇಟ್. ಕೊಲಾಜೆನ್ ಎಂಬುದು ಮೂರು ಎಳೆಗಳ ಹುರಿ. ಅದನ್ನು ಬಿಗಿಯಾಗಿ ಹಿಡಿದಿಡುವ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ತಣ್ಣೀರಿನ ಮೀನುಗಳಲ್ಲಿ ಕಡಿಮೆ ಇರುವುದರಿಂದ ಕಾಡ್ ಮೀನಿನ ಕೊಲಾಜೆನ್ 15 ಡಿಗ್ರಿಯ ಆಸುಪಾಸಿನಲ್ಲಿಯೇ ಬಿಚ್ಚಿಕೊಳ್ಳುತ್ತದೆ. ನಮ್ಮ ಗೆಂಡೆ ಜಾತಿಯದು 30 ಡಿಗ್ರಿಯ ಆಚೀಚಿನವರೆಗೆ ತಾಳುತ್ತದೆ. ಇದು ನಮ್ಮ ಮೀನಿನ ಹೆಚ್ಚುಗಾರಿಕೆಯೇ ಸರಿ, ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹುರಿ ಬಿಚ್ಚಿದ ಕೊಲಾಜೆನ್ ಎಂದರೆ ಜೆಲಟಿನ್. ಅದನ್ನು ಕೊಲಾಜೆನ್ನಿನ ದರಕ್ಕೆ ಯಾರೂ ಕೊಳ್ಳುವುದಿಲ್ಲ.

ತೆಗೆಯುವ ಕ್ರಮ ಕಾಗದದ ಮೇಲೆ ಸರಳವಾಗಿದೆ. ತೊಳೆದ ಹುರುಪೆಯನ್ನು ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ಬೇರೆ ಪ್ರೋಟೀನುಗಳನ್ನು ಕಳೆಯಬೇಕು, ತೆಳು ಹೈಡ್ರೋಕ್ಲೋರಿಕ್ ಆಮ್ಲದಿಂದ ಅಥವಾ ಕ್ಯಾಲ್ಸಿಯಂ ಅನ್ನು ಹಿಡಿದೆಳೆಯುವ ಇ.ಡಿ.ಟಿ.ಎ. ಎಂಬ ರಾಸಾಯನಿಕದಿಂದ ಖನಿಜವನ್ನು ಕರಗಿಸಬೇಕು, ಆಮೇಲೆ ಅಸಿಟಿಕ್ ಆಮ್ಲದಲ್ಲಿ ದಿನಗಟ್ಟಲೆ ಇಟ್ಟು, ಕರಗಿ ಬಂದ ಕೊಲಾಜೆನ್ನನ್ನು ಉಪ್ಪು ಹಾಕಿ ದ್ರಾವಣದಿಂದ ಗಟ್ಟಿಯಾಗಿ ಬೇರ್ಪಡಿಸಿ, ಉಪ್ಪನ್ನು ಮತ್ತೆ ಕಳೆದು, ಹೆಪ್ಪುಗಟ್ಟಿಸಿ ಒಣಗಿಸಬೇಕು. ಹೆಪ್ಪುಗಟ್ಟಿಸುವವರೆಗಿನ ಎಲ್ಲ ಹಂತಗಳನ್ನೂ 4 ಡಿಗ್ರಿಯ ಸುಮಾರಿನ ತಂಪಿನಲ್ಲಿ ನಡೆಸಬೇಕಾದ್ದರಿಂದ, ಒಮ್ಮೆ ಕರೆಂಟು ಹೋದರೆ ಇಡೀ ಪಾತ್ರೆಯ ಸರಕು ಕೆಡಬಹುದು. ಬಳಸಿದ ಆಮ್ಲ ಮತ್ತು ಕ್ಷಾರದ ನೀರನ್ನು ಸಂಸ್ಕರಿಸದೆ ಚರಂಡಿಗೆ ಬಿಡುವಂತೆಯೂ ಇಲ್ಲ.

ಹುರುಪೆಯ ಮಾತು ಬೇರೆ. ಖನಿಜದೊಳಗೆ ಬಂಧಿಯಾಗಿರುವವರೆಗೆ ಕೊಲಾಜೆನ್ ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಆದ್ದರಿಂದ ನಮ್ಮ ಒಣ ಹವೆಯೇ ಇಲ್ಲಿ ಬಂಡವಾಳ. ಮೀನು ಹೆಚ್ಚುವಾಗಲೇ ಹುರುಪೆಯನ್ನು ಕರುಳು, ರಕ್ತ ತಾಗದಂತೆ ಬೇರೆ ಬುಟ್ಟಿಗೆ ಹಾಕಿಸಿ, ಅದೇ ದಿನ ತಣ್ಣೀರಿನಲ್ಲಿ ತೊಳೆದು, ನೊಣ ಕೂರದಂತೆ ಬಲೆ ಮುಚ್ಚಿ, ನೆರಳಿನಲ್ಲಿ ಗಾಳಿಗೆ ಒಣಗಿಸಿದರೆ ಅದು ಮಾರಬಹುದಾದ ಸರಕಾಗುತ್ತದೆ. ಕಾಟ್ಲಾ, ರೋಹು, ತಿಲಾಪಿಯಾಗಳನ್ನು ಬೆರೆಸಬೇಡಿ. ಜಾತಿ ತಿಳಿದ ಸರಕಿನ ಮೇಲೆ ಕೊಳ್ಳುವವರಿಗೆ ಹೆಚ್ಚು ನಂಬಿಕೆ. ಹಸಿ ಚರ್ಮವನ್ನು ಮಾತ್ರ ಹೀಗೆ ಇಡಲಾಗದು, ಅದಕ್ಕೆ ಮಂಜುಗಡ್ಡೆ ಬೇಕೇ ಬೇಕು.

ಮುಂದೆ ಕೊಲಾಜೆನ್ ಪುಡಿ ಮಾರುವ ಹಂತಕ್ಕೆ ಬಂದಾಗ ಕೊಳ್ಳುವ ಕಂಪನಿಯು ಸೀಸ, ಪಾದರಸ, ಸೂಕ್ಷ್ಮಜೀವಿ, ಸುಟ್ಟಾಗ ಉಳಿಯುವ ಬೂದಿಯ ಪ್ರಮಾಣಗಳ ಪರೀಕ್ಷಾ ವರದಿ ಕೇಳುತ್ತದೆ, ವಾಸನೆಯನ್ನಂತೂ ಮೊದಲು ನೋಡುತ್ತದೆ. ನೀವೇ ಕ್ರೀಮು ಮಾಡಿ ಮಾರುವುದಾದರೆ 2020ರ ಸೌಂದರ್ಯವರ್ಧಕ ನಿಯಮಗಳಡಿ ತಯಾರಿಕಾ ಪರವಾನಗಿ ಅಗತ್ಯ. ಸುಕ್ಕು ಮಾಯವಾಗುತ್ತದೆ ಎಂದು ಡಬ್ಬಿಯ ಮೇಲೆ ಬರೆಯುವ ಆಸೆಯನ್ನೂ ಬಿಡಿ: ಸುಮಾರು 3 ಲಕ್ಷ ಡಾಲ್ಟನ್ (ಅಣುವಿನ ತೂಕದ ಅಳತೆ) ತೂಕದ ಕೊಲಾಜೆನ್ ಅಣು ಚರ್ಮದೊಳಗೆ ಇಳಿಯುವುದಿಲ್ಲ, ಮೇಲೆಯೇ ಪೊರೆಯಾಗಿ ಕುಳಿತು ತೇವ ಹಿಡಿಯುತ್ತದೆ. ಆ ಕೆಲಸವೂ ಸಣ್ಣದಲ್ಲ. ಆದರೆ ಮೀನಿನದು ಎಂಬುದನ್ನು ಮುಚ್ಚಿಡಬಾರದು; ಮೀನು ಒಗ್ಗದವರೂ ಇದ್ದಾರೆ, ಮೀನು ಮುಟ್ಟದ ಮನೆಗಳೂ ನಮ್ಮ ಕಡೆ ಬಹಳ.

ತಾಂತ್ರಿಕ ಮಾರ್ಗದರ್ಶನಕ್ಕೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಗೆ ಬರೆಯಿರಿ. 1957ರಲ್ಲಿ ಆರಂಭವಾದ ಈ ಸಂಸ್ಥೆ ಮೀನಿನ ತ್ಯಾಜ್ಯದ ಬಳಕೆಯ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಪತ್ರದ ಜೊತೆಗೆ ನಿಮಗೆ ವಾರಕ್ಕೆ ಎಷ್ಟು ಕಿಲೋ ಹುರುಪೆ, ಯಾವ ಮೀನಿನದು ಸಿಗುತ್ತದೆ ಎಂಬ ಲೆಕ್ಕವನ್ನೂ ಕಳುಹಿಸಿ.