ಕತ್ತಲಲ್ಲಿ ಬಂದ ಅಂಚೆ ಚೀಲ

ಪ್ರಶ್ನೆ: ನೂರು ವರ್ಷದ ಹಿಂದೆ ಅಮೆರಿಕದಲ್ಲಿ ರಾತ್ರಿ ಹೊತ್ತೂ ವಿಮಾನದಲ್ಲಿ ಅಂಚೆ ಸಾಗಿಸುತ್ತಿದ್ದರಂತೆ. ಆಗ ರೇಡಾರ್ ಇರಲಿಲ್ಲ. ಕತ್ತಲಲ್ಲಿ ಪೈಲಟ್‌ಗೆ ದಾರಿ ಗೊತ್ತಾಗುತ್ತಿದ್ದುದು ಹೇಗೆ?

ಉತ್ತರ: ನೆಲದ ಮೇಲೆ ಯಾರೋ ಬೆಂಕಿ ಹಚ್ಚಿ ಕಾಯುತ್ತಿದ್ದರು. ಹಾಗೆ ಗೊತ್ತಾಗುತ್ತಿತ್ತು. ರಾತ್ರಿ ಪಾಳಿಯಲ್ಲಿ ಬಹಳ ವರ್ಷ ಅಂಚೆ ಚೀಲ ಕಟ್ಟಿದವನು ನಾನು. ಅದಕ್ಕೇ ಈ ಕಥೆ ನನಗೆ ತುಂಬಾ ಹತ್ತಿರ.

ಅಲ್ಲಿ ವಿಮಾನ ಅಂಚೆ ಶುರುವಾದದ್ದು 1918ರ ಮೇ 15ರಂದು, ವಾಷಿಂಗ್ಟನ್ ಮತ್ತು ನ್ಯೂಯಾರ್ಕ್ ನಡುವೆ. ಮೊದಲ ದಿನವೇ ವಾಷಿಂಗ್ಟನ್‌ನಿಂದ ಹೊರಟ ಪೈಲಟ್ ದಾರಿ ತಪ್ಪಿ ಬೇರೆ ದಿಕ್ಕಿಗೆ ಹೋದ. ಹಗಲಲ್ಲೇ ಹೀಗಾದರೆ ರಾತ್ರಿ ಹೇಗಿರಬೇಡ? ಹಾಗಾಗಿ ಕತ್ತಲಾದರೆ ಚೀಲಗಳನ್ನು ರೈಲಿಗೆ ಹಾಕುತ್ತಿದ್ದರು.

1921ರ ಫೆಬ್ರವರಿ 22ರಂದು ಹಗಲು ರಾತ್ರಿ ನಿಲ್ಲದೆ ದೇಶ ದಾಟಿಸಿ ನೋಡೋಣ ಅಂತ ನಾಲ್ಕು ವಿಮಾನ ಹೊರಟವು. ಎರಡು ನ್ಯೂಯಾರ್ಕ್ ಕಡೆಯಿಂದ, ಎರಡು ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ. ನ್ಯೂಯಾರ್ಕ್‌ನಿಂದ ಬಂದವು ಚಿಕಾಗೋ ದಾಟಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಚೀಲಗಳು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಾ ನೆಬ್ರಾಸ್ಕಾದ ನಾರ್ತ್ ಪ್ಲಾಟ್‌ನಲ್ಲಿ ಜ್ಯಾಕ್ ನೈಟ್ ಎಂಬ ಪೈಲಟ್ ಕೈಗೆ ಬಂದವು. ಆತ ಕೂರುವ ಜಾಗಕ್ಕೆ ಮೇಲೆ ಮುಚ್ಚಿಗೆಯಿಲ್ಲ. ರೇಡಿಯೋ ಇಲ್ಲ. ಫೆಬ್ರವರಿಯ ಚಳಿ. ಕೆಳಗೆ ಊರಿನವರು, ರೈತರು, ಅಂಚೆಯವರು ದಾರಿಯುದ್ದಕ್ಕೂ ಬೆಂಕಿ ಹಾಕಿದ್ದರು. ಒಂದು ಬೆಂಕಿ ದಾಟಿದರೆ ಮುಂದಿನದನ್ನು ಹುಡುಕುವುದು. ಹಾಗೆ ಒಮಾಹಾ ಮುಟ್ಟಿದ.

ಅವನ ಪಾಲಿನ ದಾರಿ ಅಲ್ಲಿಗೆ ಮುಗಿಯಿತು. ಆದರೆ ಮುಂದಕ್ಕೆ ಒಯ್ಯಲು ಬೇರೆ ಪೈಲಟ್ ಇರಲಿಲ್ಲ. ಚಿಕಾಗೋ ದಾರಿಯಲ್ಲಿ ನೈಟ್ ಹಗಲಲ್ಲೂ ಹಾರಿದವನಲ್ಲ. ಒಂದು ರಸ್ತೆ ನಕ್ಷೆ ಇಟ್ಟುಕೊಂಡು ಹೊರಟೇಬಿಟ್ಟ. ಡೆ ಮೊಯ್ನ್‌ನಲ್ಲಿ ಹಿಮ ಜಾಸ್ತಿ, ಇಳಿಯಲಾಗಲಿಲ್ಲ. ಅಯೋವಾ ಸಿಟಿಯಲ್ಲಿ, ವಿಮಾನ ಬರುವುದಿಲ್ಲ ಅಂದುಕೊಂಡು ಎಲ್ಲರೂ ಮನೆಗೆ ಹೋಗಿದ್ದರು. ಉಳಿದದ್ದು ರಾತ್ರಿ ಕಾವಲುಗಾರ ಒಬ್ಬನೇ. ಇಂಜಿನ್ ಸದ್ದು ಕೇಳಿ ಓಡಿ ಬಂದು ದೀವಟಿಗೆ ಹಚ್ಚಿದ. ನೈಟ್ ಇಳಿದ. ಪೆಟ್ರೋಲ್ ತುಂಬಿಸಿಕೊಂಡು ಮತ್ತೆ ಹಾರಿ ಬೆಳಿಗ್ಗೆ ಚಿಕಾಗೋ ಸೇರಿದ. ಅಲ್ಲಿಂದ ಬೇರೆಯವರು ಒಯ್ದರು. ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕ್‌ಗೆ ಒಟ್ಟು 33 ಗಂಟೆ 20 ನಿಮಿಷ. ಬರೀ ರೈಲಿನಲ್ಲಾದರೆ ನಾಲ್ಕು ದಿನದ ಮೇಲೆ ಹಿಡಿಯುತ್ತಿತ್ತು.

ಆಮೇಲೆ ಅಲ್ಲಿನ ಸಂಸತ್ತು ಹಣ ಕೊಟ್ಟಿತು. ದಾರಿಯುದ್ದಕ್ಕೂ ತಿರುಗುವ ದೀಪದ ಕಂಬಗಳು ಬಂದವು. 1924ರ ಜುಲೈನಿಂದ ದಿನವೂ ರಾತ್ರಿ ಹಾರಾಟ ನಡೆಯಿತು.

ಎಲ್ಲರೂ ನೈಟ್ ಹೆಸರು ಹೇಳುತ್ತಾರೆ. ಹೇಳಲೇಬೇಕು. ಅದೇ ಓಟದಲ್ಲಿ ನೆವಾಡಾದ ಎಲ್ಕೋ ಬಳಿ ವಿಲಿಯಂ ಲೂಯಿಸ್ ಎಂಬ ಪೈಲಟ್‌ನ ವಿಮಾನ ಬಿದ್ದು ಆತ ಸತ್ತ. ಅವನ ಹೆಸರನ್ನೂ ಇಲ್ಲಿ ಬರೆಯಬೇಕು ಅನಿಸಿತು. ಅವನ ಚೀಲಗಳನ್ನು ಇನ್ನೊಂದು ವಿಮಾನಕ್ಕೆ ಹಾಕಿ ಮುಂದೆ ಕಳಿಸಿದರು.