ಶೇ 15.6ನ್ನು ಹತ್ತರಿಂದ ಭಾಗಿಸಬೇಡಿ

ಪ್ರಶ್ನೆ: ನಾನು ದ್ವಿತೀಯ ಪಿಯು ವಿದ್ಯಾರ್ಥಿನಿ. ಕರ್ನಾಟಕದ ಜನಸಂಖ್ಯೆ 2001ರ ಜನಗಣತಿಯಲ್ಲಿ 5.285 ಕೋಟಿ, 2011ರಲ್ಲಿ 6.11 ಕೋಟಿ. ಬೆಳವಣಿಗೆಯ ದರವು ಆಯಾ ಕ್ಷಣದ ಜನಸಂಖ್ಯೆಗೆ ನೇರ ಅನುಪಾತದಲ್ಲಿದೆ ಎಂದಿಟ್ಟುಕೊಂಡು, 2011ರಲ್ಲಿ ಜನಸಂಖ್ಯೆ ಯಾವ ವೇಗದಲ್ಲಿ ಏರುತ್ತಿತ್ತು ಎಂದು ಕಂಡುಹಿಡಿಯಬೇಕಿತ್ತು. ಹತ್ತು ವರ್ಷಕ್ಕೆ ಶೇ 15.6 ಹೆಚ್ಚಳವಾದ್ದರಿಂದ ವರ್ಷಕ್ಕೆ ಶೇ 1.56 ಎಂದು ಲೆಕ್ಕ ಹಾಕಿದೆ. ತಪ್ಪು ಎಂದರು. ಇಷ್ಟಕ್ಕೂ ಚಕ್ರಬಡ್ಡಿಯ ಸೂತ್ರವಿರುವಾಗ ಇಲ್ಲಿ ಅವಕಲನ (ಒಂದು ಕ್ಷಣದ ಬದಲಾವಣೆಯ ದರ ಕಂಡುಹಿಡಿಯುವ ಲೆಕ್ಕ) ಏಕೆ ಬೇಕು?

ಉತ್ತರ: ಪರೀಕ್ಷೆ ಹತ್ತಿರ ಬಂತೆಂದರೆ ಈ ಪ್ರಶ್ನೆ ನನ್ನ ಮೇಜಿನ ಮೇಲಿರುತ್ತದೆ. ಕಳುಹಿಸಿದವರ ಊರು ಬೇರೆ, ಅಂಕಿಗಳು ಬೇರೆ, ತಪ್ಪು ಮಾತ್ರ ಅದೇ. ಶೇ 1.56ನ್ನು ಕೆ ಎಂಬ ಅನುಪಾತದ ಸ್ಥಿರಾಂಕದ ಜಾಗದಲ್ಲಿಟ್ಟು ನೀವೇ ತಾಳೆ ನೋಡಬಹುದಿತ್ತು. ಇ ಎಂಬ ಸಂಖ್ಯೆಯನ್ನು (ಸುಮಾರು 2.718) 0.156ರ, ಅಂದರೆ ಕೆ ಗುಣಿಸು ಹತ್ತು ವರ್ಷದ, ಘಾತಕ್ಕೆ ಏರಿಸಿದರೆ ಸಿಗುವುದು 1.1688, ಅದರಿಂದ 5.285 ಕೋಟಿಯನ್ನು ಗುಣಿಸಿದರೆ 6.177 ಕೋಟಿ. ಗಣತಿದಾರರು ಮನೆಮನೆಗೆ ಹೋಗಿ ಎಣಿಸಿದ್ದಕ್ಕಿಂತ ಸುಮಾರು 6.8 ಲಕ್ಷ ಜನರನ್ನು ನೀವು ಕಾಗದದ ಮೇಲೆಯೇ ಹುಟ್ಟಿಸಿದ್ದೀರಿ. ಹತ್ತರಿಂದ ಭಾಗಿಸುವಾಗ, ಮೊದಲ ವರ್ಷ ಸೇರಿಕೊಂಡವರೂ ಮುಂದಿನ ಒಂಬತ್ತು ವರ್ಷಗಳ ಬೆಳವಣಿಗೆಗೆ ಕಾರಣರಾಗುತ್ತಾರೆ ಎಂಬುದನ್ನು ಮರೆತಿರಿ. ಆದರೆ ದರವು ಆಯಾ ಕ್ಷಣದ ಜನಸಂಖ್ಯೆಗೆ ನೇರ ಅನುಪಾತದಲ್ಲಿದೆ ಎಂಬ ವಾಕ್ಯ ಹೇಳುತ್ತಿರುವುದೇ ಅದನ್ನು.

ಆ ವಾಕ್ಯವನ್ನು ಗಣಿತದ ಭಾಷೆಗೆ ತಂದರೆ ಡಿಪಿ ಬೈ ಡಿಟಿ ಎಂಬುದು ಕೆ ಗುಣಿಸು ಪಿ. ಇಲ್ಲಿ ಪಿ ಜನಸಂಖ್ಯೆ, ಟಿ ಕಾಲ, ಡಿಪಿ ಬೈ ಡಿಟಿ ಎಂದರೆ ಆ ಕ್ಷಣದಲ್ಲಿ ಜನಸಂಖ್ಯೆ ಏರುವ ವೇಗ. ಗೈಡುಗಳೆಲ್ಲ ಇಲ್ಲಿಂದ ನೇರವಾಗಿ ಅನುಕಲನಕ್ಕೆ (ಅವಕಲನದ ವಿಲೋಮಕ್ಕೆ) ಹಾರಿ, ಲಾಗ್ ಹಾಕಿ, ಸ್ಥಿರಾಂಕವೊಂದನ್ನು ಕೂಡಿಸಿ, ಉತ್ತರವನ್ನು ಚೌಕದೊಳಗೆ ಬರೆದು ಮುಗಿಸುತ್ತವೆ. ಅದು ತಪ್ಪಲ್ಲ, ಆದರೆ ಉತ್ತರ ಇದೊಂದೇ ರೂಪದಲ್ಲಿ ಏಕಿರಬೇಕು ಎಂಬುದು ಅವಕಲನದಿಂದ ಎಷ್ಟು ಸರಳವಾಗಿ ತಿಳಿಯುತ್ತದೆ ಎಂಬುದನ್ನು ಅದು ಮುಚ್ಚಿಡುತ್ತದೆ. ಪಿಯನ್ನು, ಇ ಸಂಖ್ಯೆಯ ಮೈನಸ್ ಕೆಟಿ ಘಾತದಿಂದ ಗುಣಿಸಿ, ಬಂದ ಗುಣಲಬ್ಧವನ್ನು ಕಾಲಕ್ಕೆ ಸಂಬಂಧಿಸಿದಂತೆ ಅವಕಲಿಸಿ. ಗುಣಲಬ್ಧದ ನಿಯಮದಂತೆ ಎರಡು ಪದಗಳು ಬರುತ್ತವೆ. ಎರಡರಲ್ಲೂ ಅದೇ ಘಾತ ಗುಣಕವಾಗಿ ನಿಂತಿರುತ್ತದೆ, ಒಂದರ ಜೊತೆಗೆ ಡಿಪಿ ಬೈ ಡಿಟಿ, ಇನ್ನೊಂದರ ಜೊತೆಗೆ ಮೈನಸ್ ಕೆಪಿ. ಡಿಪಿ ಬೈ ಡಿಟಿ ಎಂದರೇ ಕೆಪಿ ಆಗಿರುವುದರಿಂದ ಅವೆರಡೂ ಹೊಡೆದುಹೋಗಿ ಸೊನ್ನೆ ಉಳಿಯುತ್ತದೆ. ಎಲ್ಲ ಕಾಲಕ್ಕೂ ಬದಲಾವಣೆಯ ದರ ಸೊನ್ನೆಯಾಗಿರುವುದು ಸ್ಥಿರವಾಗಿಯೇ ಇರಬೇಕು, ಆ ಸ್ಥಿರಸಂಖ್ಯೆ ಆರಂಭದ ಜನಸಂಖ್ಯೆಯೇ ಆಗಿರಬೇಕು. ಅಂದರೆ ಪಿ ಎಂಬುದು ಆರಂಭದ ಜನಸಂಖ್ಯೆ ಗುಣಿಸು ಇ ಸಂಖ್ಯೆಯ ಕೆಟಿ ಘಾತ. ಬೇರೆ ಯಾವ ಫಲನಕ್ಕೂ ಇಲ್ಲಿ ಜಾಗವಿಲ್ಲ.

ಇನ್ನು ಅಂಕಿಗಳು. 6.11ನ್ನು 5.285ರಿಂದ ಭಾಗಿಸಿದರೆ 1.156, ಅದರ ಸ್ವಾಭಾವಿಕ ಲಾಗರಿದಮ್ (ಇ ಸಂಖ್ಯೆಯ ಯಾವ ಘಾತ 1.156 ಆಗುತ್ತದೋ ಅದು) 0.145, ಭಾಗಿಸುವುದಿದ್ದರೆ ಹತ್ತರಿಂದ ಇದನ್ನು ಭಾಗಿಸಬೇಕು. ಕೆ ಎಂದರೆ ವರ್ಷಕ್ಕೆ 0.0145. ('ವರ್ಷಕ್ಕೆ' ಎಂಬ ಪದ ಬಿಟ್ಟವರಿಗೆ ನಾನು ಅರ್ಧ ಅಂಕ ಕಡಿಯುತ್ತೇನೆ, ಉಳಿದವರು ಕಡಿಯದಿರಬಹುದು.) 2011ರ ವೇಗ ಬೇಕಾದರೆ ಕೆಯನ್ನು 6.11 ಕೋಟಿಯಿಂದ ಗುಣಿಸಿ: ವರ್ಷಕ್ಕೆ ಸುಮಾರು 8.86 ಲಕ್ಷ. 2001ರಲ್ಲಿ ಅದೇ ವೇಗ 7.66 ಲಕ್ಷ ಇತ್ತು. ಎರಡು ಗಣತಿಗಳ ವ್ಯತ್ಯಾಸವನ್ನು ಹತ್ತರಿಂದ ಭಾಗಿಸಿದವರಿಗೆ 8.24 ಲಕ್ಷ ಸಿಗುತ್ತದೆ. ಅದು ದಶಕದ ಸರಾಸರಿಯೇ ಹೊರತು ಅದರ ಮೊದಲ ದಿನದ ವೇಗವೂ ಅಲ್ಲ, ಕೊನೆಯ ದಿನದ್ದೂ ಅಲ್ಲ. ಚಕ್ರಬಡ್ಡಿಯ ಸೂತ್ರ ನಿಮಗೆ ವರ್ಷ ತುಂಬಿದಾಗಿನ ಮೊತ್ತವನ್ನು ಕೊಡುತ್ತದೆ, ಆ ಲೆಕ್ಕದಲ್ಲಿ ದರ ವರ್ಷಕ್ಕೆ ಶೇ 1.46 ಎಂದು ಬರುತ್ತದೆ. ಒಂದು ಕ್ಷಣದ ವೇಗವನ್ನು ಕೇಳಿದರೆ ಅದು ತಾನಾಗಿ ಉತ್ತರಿಸುವುದಿಲ್ಲ. ಆ ಪ್ರಶ್ನೆಗೆಂದೇ ಅವಕಲನವಿದೆ.

ಪ್ರಶ್ನೆ: 72ನ್ನು ದರದಿಂದ ಭಾಗಿಸಿದರೆ ಇಮ್ಮಡಿಯಾಗುವ ಕಾಲ ಐದೇ ಸೆಕೆಂಡಿನಲ್ಲಿ ಸಿಗುತ್ತದೆ ಎಂದು ವಿಡಿಯೋ ಒಂದರಲ್ಲಿ ಹೇಳಿದ್ದಾರೆ. ಪರೀಕ್ಷೆಯಲ್ಲಿ ಬರೆಯಬಹುದೆ?

ಉತ್ತರ: ಬೇಡ. ಎರಡರ ಲಾಗರಿದಮ್ 0.693, ಮೇಲಿನ ಲೆಕ್ಕದಲ್ಲಿ ಅದನ್ನು 0.0145ರಿಂದ ಭಾಗಿಸಿದರೆ ಸುಮಾರು 48 ವರ್ಷ, 72ನ್ನು 1.45ರಿಂದ ಭಾಗಿಸಿದರೆ ಸುಮಾರು 50 ವರ್ಷ. ಬಾಯಿಲೆಕ್ಕಕ್ಕೆ ಸಾಕು, ಉತ್ತರ ಪತ್ರಿಕೆಗೆ ಸಾಲದು.

ಪ್ರಶ್ನೆ: ಪರಿಚಿತರೊಬ್ಬರು ತಿಂಗಳಿಗೆ ಶೇ 10ರಂತೆ ಲಾಭ ಕೊಡುತ್ತೇವೆ, ಇದು ಘಾತೀಯ ಬೆಳವಣಿಗೆಯ ಗಣಿತ ಎನ್ನುತ್ತಿದ್ದಾರೆ. ನಿಜವೆ?

ಉತ್ತರ: ಗಣಿತ ನಿಜ, ಮಾತು ಸುಳ್ಳು. ಆ ದರದಲ್ಲಿ ಒಂದು ಲಕ್ಷ ರೂಪಾಯಿ ಹತ್ತು ವರ್ಷದಲ್ಲಿ 927 ಕೋಟಿಯಾಗಬೇಕು. ಹಣವನ್ನು ಬ್ಯಾಂಕಿನಲ್ಲೇ ಇಡಿ.

ಪ್ರಶ್ನೆ: ಇದೇ ಸೂತ್ರದಿಂದ 2051ರ ಕರ್ನಾಟಕದ ಜನಸಂಖ್ಯೆಯನ್ನು ಹೇಳಬಹುದಲ್ಲವೆ?

ಉತ್ತರ: ಸೂತ್ರ ಕೇಳಿದ ಸಂಖ್ಯೆಯನ್ನು ಕೊಡುತ್ತದೆ, ನಾನು ಮಾತ್ರ ಕೊಡಲಾರೆ. ಕೆ ಸ್ಥಿರ ಎಂಬುದು ನಾವು ಮಾಡಿಕೊಂಡ ಊಹೆ, ಅದು ಪ್ರಕೃತಿಯ ನಿಯಮವಲ್ಲ. ರಾಜ್ಯದ ಗಣತಿಗಳಿಂದ ಕೆಯನ್ನು ದಶಕ ದಶಕಕ್ಕೂ ಲೆಕ್ಕ ಹಾಕಿದರೆ 1971ರಿಂದ 81ರವರೆಗೆ 0.0237, ಮುಂದಿನ ದಶಕದಲ್ಲಿ 0.0192, ಅದರ ಮುಂದೆ 0.0161, ಕೊನೆಗೆ 0.0145, ಪ್ರತಿ ಬಾರಿಯೂ ಇಳಿದಿದೆ. ಬೆಳವಣಿಗೆಗೆ ಮಿತಿಯಿದೆ ಎಂಬುದನ್ನು ಸಮೀಕರಣದೊಳಗೇ ಸೇರಿಸಿ ಬೆಲ್ಜಿಯಂನ ಗಣಿತಜ್ಞ ವೆರ್ಹುಲ್ಸ್ಟ್ 1838ರಲ್ಲೇ ಬರೆದಿದ್ದರೂ ನಮ್ಮಲ್ಲಿ ಭವಿಷ್ಯ ಹೇಳುವವರು ಇನ್ನೂ ಒಂದೇ ಕೆ ಹಿಡಿದು ನಲವತ್ತು ವರ್ಷ ಮುಂದಕ್ಕೆ ಓಡುತ್ತಾರೆ. 1981ರಲ್ಲಿ 3.71 ಕೋಟಿಯಿದ್ದ ಜನಸಂಖ್ಯೆಗೆ ಅದಕ್ಕೆ ಹಿಂದಿನ ದಶಕದ ಕೆಯನ್ನೇ ಹಚ್ಚಿ ಯಾರಾದರೂ 2011ರ ಲೆಕ್ಕ ಹೇಳಿದ್ದರೆ, ಅವರಿಗೆ ಸಿಗುತ್ತಿದ್ದುದು 7.56 ಕೋಟಿ. ಎಣಿಕೆಗೆ ಸಿಕ್ಕವರು ಅದಕ್ಕಿಂತ ಸುಮಾರು 1.45 ಕೋಟಿ ಕಡಿಮೆ.